ಚಪ್ಪಟೆ ಮೂತಿ, ದುಂಡು ಮೂತಿ, ಚೂಪು ಮೂತಿ: ಕೊಬ್ಬರಿ ಗೋಡೌನಿನಲ್ಲಿ ಪೆಲೆಟ್ ಪರೀಕ್ಷೆ

ಕೊಬ್ಬರಿ ಗೋಡೌನಿನಲ್ಲಿ ನಡೆಯುವ ನಮ್ಮ 10 ಮೀಟರ್ ಏರ್ ಪಿಸ್ತೂಲು ರೇಂಜಿಗೆ (ಗುರಿ ಹೊಡೆಯುವ ಅಭ್ಯಾಸದ ಜಾಗ) ಮಕ್ಕಳನ್ನು ಸೇರಿಸುವ ತಂದೆ ತಾಯಿ ಮೊದಲು ಕೇಳುವುದು ಒಂದೇ ಮಾತು: "ಸಾರ್, ಯಾವ ಡಬ್ಬಿ ತಗೊಳ್ಳೋದು?" ಮಕ್ಕಳು ಗುಬ್ಬಿ, ಕೊರಟಗೆರೆ, ಸಿರಾ ಕಡೆಯಿಂದ ಬಸ್ಸು ಹಿಡಿದು ತುಮಕೂರಿಗೆ ಬರುತ್ತಾರೆ. ಪಿಸ್ತೂಲು ರೇಂಜಿನದು, ಪೆಲೆಟ್ (ಅದರಲ್ಲಿ ಹಾಕುವ ಸೀಸದ ಪುಟ್ಟ ಗುಂಡು) ಅವರವರದು. ಹೊರದೇಶದ ಮ್ಯಾಚ್ ಪೆಲೆಟ್ (ಪಂದ್ಯಕ್ಕೆಂದೇ ಮಾಡಿದ್ದು) ಒಂದು ಡಬ್ಬಿ ಕೊಳ್ಳುವ ದುಡ್ಡಿನಲ್ಲಿ ನಮ್ಮಲ್ಲೇ ಮಾಡಿದ ಸಾದಾ ಪೆಲೆಟ್ ಎರಡು ಮೂರು ಡಬ್ಬಿ ಬರುತ್ತದೆ. ತಿಂಗಳಿಗೆ ಎರಡು ಡಬ್ಬಿ ಖಾಲಿ ಮಾಡುವ ಹುಡುಗಿಯ ಅಪ್ಪನಿಗೆ ಇದು ಸಣ್ಣ ಲೆಕ್ಕ ಅಲ್ಲ. ಹಾಗಾಗಿ ಸುಮ್ನೆ ಬಾಯಿಮಾತಿನಲ್ಲಿ ಹೇಳುವುದು ಬೇಡ, ನಮ್ಮ ಪಿಸ್ತೂಲಿನಲ್ಲೇ ಹೊಡೆದು ನೋಡಿ ಹೇಳೋಣ ಅಂತ ಕೂತೆ. ಆ ಕೆಲಸದ ಬರಹ ಇದು.

ಮೊದಲೇ ಒಂದು ವಿಷಯ. ಇಲ್ಲಿ ಹೇಳುತ್ತಿರುವುದು 4.5 ಮಿಮೀ ಏರ್ ಪಿಸ್ತೂಲಿನ ಸೀಸದ ಪೆಲೆಟ್ ಬಗ್ಗೆ ಮಾತ್ರ. ಮದ್ದು ತುಂಬಿದ ಕಾರ್ತೂಸನ್ನು ಮನೆಯಲ್ಲಿ ತಯಾರಿಸುವುದಕ್ಕೆ ನಮ್ಮ ದೇಶದಲ್ಲಿ ಪರವಾನಗಿ ಬೇಕು, 1959ರ ಶಸ್ತ್ರಾಸ್ತ್ರ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಏರ್ ಪಿಸ್ತೂಲಿನದು ಬೇರೆ ಕಥೆ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಐದೂವರೆ ಜೌಲ್ ಚಿಲ್ಲರೆ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಏರ್ ಗನ್ನಿಗೆ ಹೇಳಿರುವ 20 ಜೌಲ್ ಮಿತಿಗಿಂತ ತುಂಬಾ ಕೆಳಗೆ. ಹಾಗಂತ ಆಟದ ಸಾಮಾನು ಅಲ್ಲ. ಐದೂವರೆ ಜೌಲ್ ಒಂದು ಕಣ್ಣು ತೆಗೆಯಲು ಬೇಕಾದಷ್ಟಾಯಿತು. ರೇಂಜಿನಲ್ಲಿ ಕನ್ನಡಕ ಹಾಕದೆ ಯಾರೂ ಲೈನಿನ ಹತ್ತಿರ ಬರುವ ಹಾಗಿಲ್ಲ.

ಪೆಲೆಟ್ ಅಂದರೆ ಮೂರು ಭಾಗ. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಅಗಲವಾದ ತೆಳು ಲಂಗ. ಲಂಗದ ಒಳಗೆ ಟೊಳ್ಳು. ಗಾಳಿ ಹಿಂದಿನಿಂದ ತಳ್ಳಿದಾಗ ಲಂಗ ಅಗಲವಾಗಿ ಬ್ಯಾರೆಲ್ ಗೋಡೆಗೆ ಒತ್ತಿ ಕೂರುತ್ತದೆ, ಗಾಳಿ ಪಕ್ಕದಿಂದ ಸೋರುವುದಿಲ್ಲ. ತಲೆ ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳ ಮೇಲೆ ಜಾರಿಕೊಂಡು ತಿರುಗುತ್ತಾ ಹೋಗುತ್ತದೆ. ತಲೆ ನೆಟ್ಟಗೆ ಕೂತು, ಲಂಗ ಸಮವಾಗಿ ಅಗಲವಾದರೆ ಪೆಲೆಟ್ ನೆಟ್ಟಗೆ ಹೊರಗೆ ಬರುತ್ತದೆ. ಎರಡರಲ್ಲಿ ಒಂದು ಕೆಟ್ಟರೂ ವಾಲಿಕೊಂಡು ಹೊರಡುತ್ತದೆ.

ಡಬ್ಬಿಗಳನ್ನು ಸೇರಿಸಿದ್ದು ಹೀಗೆ. ಚಪ್ಪಟೆ ಮೂತಿಯಲ್ಲಿ ಆರ್‌ಡಬ್ಲ್ಯೂಎಸ್ ಆರ್10 ಮತ್ತು ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಎರಡೂ ಪಿಸ್ತೂಲಿಗೆಂದೇ ಮಾಡಿದ ಹಗುರ ತೂಕದವು. ಜೊತೆಗೆ ನಮ್ಮ ದೇಶದ ಸಾದಾ ಚಪ್ಪಟೆ ಮೂತಿ. ದುಂಡು ಮೂತಿಯಲ್ಲಿ ಜೆಎಸ್‌ಬಿ ಎಕ್ಸಾಕ್ಟ್. ಚೂಪು ಮೂತಿಯಲ್ಲಿ ಪೇಟೆಯಲ್ಲಿ ಸಿಗುವ ಸಾದಾ ಡಬ್ಬಿ. ಇನ್ನೊಂದು ತಾಮ್ರದ ಲೇಪ ಹಾಕಿದ್ದು, ಅದು ಮಿರ ಮಿರ ಮಿಂಚುವುದರಿಂದ ಹುಡುಗರಿಗೆ ಅದರ ಮೇಲೆ ಬಹಳ ಆಸೆ. ಗುಳಿ ಮೂತಿಯದನ್ನು ತೆಗೆದುಕೊಳ್ಳಲೇ ಇಲ್ಲ. ಅದು ಬೇಟೆಗೆ ಅಂತ ಮಾಡಿದ್ದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಮಾತೇ ಇಲ್ಲ. ಕಾಗದಕ್ಕೆ ಹೊಡೆಯುವವರಿಗೆ ಅದರಿಂದ ಏನೂ ಲಾಭವಿಲ್ಲ.

ಕೈಯಲ್ಲಿ ಹಿಡಿದು ಹೊಡೆದು ಪೆಲೆಟ್ ಹೋಲಿಸಲು ಆಗುವುದಿಲ್ಲ. ನನ್ನ ಕೈ ನಡುಗುವುದು ಪೆಲೆಟ್ಟಿನ ವ್ಯತ್ಯಾಸಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಯಾರ ಕೈಯಾದರೂ ಅಷ್ಟೇ. ಹಾಗಾಗಿ ಪಿಸ್ತೂಲನ್ನು ಹಿಡಿದು ನಿಲ್ಲಿಸಲು ಒಂದು ಪೀಠ ಬೇಕಾಯಿತು. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದಿದ್ದ ಗ್ರಾನೈಟ್ ತುಂಡು ಒಂದು ಮೂಲೆಯಲ್ಲಿ ಬಿದ್ದಿತ್ತು. ಸುಮಾರು ಎರಡು ಅಡಿ ಉದ್ದ, ಒಬ್ಬರೇ ಎತ್ತಲು ಕಷ್ಟ. ತೂಕ ಇದ್ದಷ್ಟೂ ಒಳ್ಳೆಯದು. ಹಿರೇಹಳ್ಳಿಯ ಲೇತ್ ಅಣ್ಣನ ಹತ್ತಿರ ಅದಕ್ಕೆ ತೂತು ಹಾಕಿಸಿ, ಕೆಳಗೆ ಮೂರು ಬೋಲ್ಟ್ ಕಾಲು ಕೊಡಿಸಿದೆ. ಅವರು ನಾಲ್ಕು ಕಾಲು ಹಾಕೋಣ ಅಂದರು. ಬೇಡ ಅಣ್ಣ, ಮೂರೇ ಸಾಕು ಅಂದೆ. ನೆಲ ಎಷ್ಟೇ ಏರುಪೇರು ಇದ್ದರೂ ಮೂರು ಕಾಲು ಅಲ್ಲಾಡುವುದಿಲ್ಲ. ಬೋಲ್ಟ್ ತಿರುಗಿಸಿದರೆ ಎತ್ತರವೂ ಹೊಂದುತ್ತದೆ.

ಕಲ್ಲಿನ ಮೇಲೆ ಬಡಗಿಯ ವೈಸ್. ಅದರ ದವಡೆಗೆ ಹಲಸಿನ ಮರದ ಎರಡು ತುಂಡು, ಪಿಸ್ತೂಲಿನ ಬಾಡಿಯ ಆಕಾರಕ್ಕೆ ಕೆತ್ತಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದ್ದು. ಇಲ್ಲಿ ಒಂದು ಎಚ್ಚರಿಕೆ: ಗಾಳಿ ಸಿಲಿಂಡರನ್ನೂ ಬ್ಯಾರೆಲನ್ನೂ ದವಡೆ ಮುಟ್ಟಬಾರದು. ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ, ಅದನ್ನು ವೈಸಿನಲ್ಲಿ ಹಿಚುಕುವುದು ಅಪಾಯ. ಬ್ಯಾರೆಲ್ ಹಿಚುಕಿದರೆ ಪ್ರತಿ ಸಲ ಬಿಗಿ ಮಾಡಿದಾಗಲೂ ಗುರಿ ಬೇರೆ ಕಡೆ ಹೋಗುತ್ತದೆ. ಬಾಡಿಯನ್ನು ಮಾತ್ರ ಹಿಡಿಯಬೇಕು. ಸ್ಪ್ರಿಂಗ್ ಪಿಸ್ತೂಲಿಗೆ ಈ ಪೀಠ ಆಗಿಬರುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಅದು ಹೊಡೆದಾಗ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ, ಗಟ್ಟಿಯಾಗಿ ಕಟ್ಟಿದರೆ ಗುಂಡು ಚೆಲ್ಲಾಪಿಲ್ಲಿ. ನಮ್ಮದು ಗಾಳಿ ತುಂಬಿಡುವ ಪಿಸ್ತೂಲು, ಒಳಗೆ ರೆಗ್ಯುಲೇಟರ್ (ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಬಿಡುವ ಭಾಗ) ಇದೆ, ಜಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಗುರಿಯ ಹಿಂದಿನ ಪೆಟ್ಟಿಗೆಯನ್ನೂ ಇದೇ ನೆಪದಲ್ಲಿ ಹೊಸದಾಗಿ ಮಾಡಿಸಿದೆ. ಮೂರು ಮಿಮೀ ಕಬ್ಬಿಣದ ಶೀಟ್. ಹಿಂದಿನ ಹಲಗೆ 45 ಡಿಗ್ರಿ ಕೆಳಗೆ ಬಾಗಿದೆ, ಬಡಿದ ಪೆಲೆಟ್ ಕೆಳಗಿನ ತಟ್ಟೆಗೆ ಬೀಳುತ್ತದೆ. ಅದರ ಮುಂದೆ ತೆಂಗಿನ ನಾರನ್ನು ದಪ್ಪವಾಗಿ ತುಂಬಿದ್ದೇನೆ. ನಮ್ಮ ಜಿಲ್ಲೆಯಲ್ಲಿ ನಾರಿಗೇನು ಬರ, ಅಲ್ವಾ? ಗೋಡೌನ್ ಮಾಲೀಕರೇ ಒಂದು ಮೂಟೆ ಕೊಟ್ಟರು. ನಾರು ಮೊದಲು ವೇಗ ಕಡಿಮೆ ಮಾಡುತ್ತದೆ, ಆಮೇಲೆ ಕಬ್ಬಿಣ ತಡೆಯುತ್ತದೆ. ಮೊದಲಿನ ಬರೀ ಕಬ್ಬಿಣದ ಪೆಟ್ಟಿಗೆಯಲ್ಲಿ ಪೆಲೆಟ್ ಚೂರಾಗಿ ಬೂದು ಪುಡಿ ಏಳುತ್ತಿತ್ತು. ಈಗ ಹೆಚ್ಚಿನವು ಬರೀ ಚಪ್ಪಟೆಯಾಗಿ ಇಡಿಯಾಗಿ ಸಿಗುತ್ತವೆ. ಮಕ್ಕಳು ಉಸಿರಾಡುವ ಜಾಗದಲ್ಲಿ ಸೀಸದ ಪುಡಿ ಹಾರಬಾರದು. ನನಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಸಮಾಧಾನ ಕೊಟ್ಟ ಭಾಗ ಇದೇ.

ಇನ್ನು ಹೊಡೆಯುವ ಪದ್ಧತಿ. ಒಂದೇ ಡಬ್ಬಿಯನ್ನು ಪೂರ್ತಿ ಹೊಡೆದು ಇನ್ನೊಂದಕ್ಕೆ ಹೋದರೆ ಮೋಸ ಆಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಒಂದು, ಮಧ್ಯಾಹ್ನ ತಗಡಿನ ಬಿಸಿಯಲ್ಲಿ ಇನ್ನೊಂದು ಬಂದರೆ ಹೋಲಿಕೆಗೆ ಅರ್ಥವಿಲ್ಲ. ಹಾಗಾಗಿ ಸರದಿ. ಎಲ್ಲ ಡಬ್ಬಿಯಿಂದ ಹತ್ತು ಹತ್ತು ಹೊಡೆದು, ಮತ್ತೆ ಮೊದಲಿಂದ. ಡಬ್ಬಿ ಬದಲಾದ ತಕ್ಷಣದ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬ್ಯಾರೆಲ್ ಒಳಗಿನ ಹಳೆ ಸೀಸ, ಎಣ್ಣೆ ಸರಿಹೋಗಬೇಕು. ಐದೇ ಗುಂಡಿನ ಗ್ರೂಪ್ (ಕಾಗದದ ಮೇಲೆ ಬಿದ್ದ ತೂತುಗಳ ಗುಂಪು) ನೋಡಿ "ಈ ಡಬ್ಬಿ ಸೂಪರ್" ಅನ್ನುವವರು ತುಂಬಾ ಜನ ಇದ್ದಾರೆ. ಐದರಲ್ಲಿ ಅದೃಷ್ಟಕ್ಕೆ ಚಿಕ್ಕ ಗ್ರೂಪ್ ಬರುವುದು ಸುಲಭ, ಹತ್ತರಲ್ಲಿ ಕಷ್ಟ. ಐದರ ಗ್ರೂಪನ್ನು ಹತ್ತರ ಗ್ರೂಪಿನ ಪಕ್ಕ ಇಟ್ಟು ನೋಡಲೇಬಾರದು.

ಅಳತೆಗೆ ವರ್ನಿಯರ್. ಗ್ರೂಪಿನಲ್ಲಿ ತೀರಾ ದೂರ ಇರುವ ಎರಡು ತೂತುಗಳನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಒಂದು ತೂತಿನ ಅಗಲ ಕಳೆದರೆ ನಡುವಿನಿಂದ ನಡುವಿಗೆ ಎಷ್ಟು ಅಂತ ಸಿಗುತ್ತದೆ. ಚಪ್ಪಟೆ ಮೂತಿಯಲ್ಲಿ ಇದು ಸುಲಭ. ಆ ತೂತನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಅಂಚು ಕತ್ತರಿಸಿದ ಹಾಗೆ, ಪೂರ್ತಿ ದುಂಡು, ಸುತ್ತಲೂ ಸಣ್ಣ ಬೂದು ಗೆರೆ. ಕಾಗದದ ಆ ಬಿಲ್ಲೆ ಪೆಲೆಟ್ಟಿನ ಜೊತೆಗೇ ಹೋಗಿರುತ್ತದೆ, ಪೆಟ್ಟಿಗೆಯಲ್ಲಿ ಕೆಲವು ಪೆಲೆಟ್ಟಿನ ಮುಖಕ್ಕೆ ಅಂಟಿಕೊಂಡೇ ಸಿಗುತ್ತದೆ. ದುಂಡು ಮೂತಿ ಹಾಗಲ್ಲ. ಅದು ಕಾಗದವನ್ನು ತಳ್ಳಿ ಹರಿದು ಹೋಗುತ್ತದೆ. ನಾಲ್ಕು ಎಸಳು ಹಿಂದಕ್ಕೆ ಮಡಚಿ ಮತ್ತೆ ಮುಚ್ಚಿಕೊಳ್ಳುತ್ತವೆ, ತೂತು ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೆ ಆ ಜಾತಿಗೆ ಬೇರೆ ಒಂಟಿ ತೂತು ಅಳೆದು ಅದನ್ನೇ ಕಳೆದೆ.

ಪಂದ್ಯದಲ್ಲಿ ಎಲ್ಲರೂ ಚಪ್ಪಟೆ ಮೂತಿ ಹಾಕುವುದಕ್ಕೆ ಕಾರಣ ಇದೇ. ತೂತಿನ ಅಂಚು ಗೆರೆಗೆ ಸ್ವಲ್ಪ ತಾಕಿದರೂ ಮೇಲಿನ ಅಂಕ ಸಿಗುತ್ತದೆ. ಅಂಚೇ ಹರಿದಿದ್ದರೆ ತಾಕಿತೋ ಇಲ್ಲವೋ ಅಂತ ವಾದ ಶುರು. ಕಾರ್ತೂಸಿನ ಪಿಸ್ತೂಲಿನಲ್ಲೂ ಹೀಗೇ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ .32 ಬೋರಿಗೆ ಸೀಸದ ಚಪ್ಪಟೆ ಮೂತಿ ಗುಂಡೇ ಬಳಕೆಯಲ್ಲಿದೆ.

ಈಗ ಫಲಿತಾಂಶ. ಎರಡು ಮ್ಯಾಚ್ ಪೆಲೆಟ್ಟುಗಳೂ ನಡುವಿನಿಂದ ನಡುವಿಗೆ ಎರಡು ಮಿಮೀ ಆಸುಪಾಸು. ಒಂದರ ಮೇಲೆ ಒಂದು ಬಿದ್ದು ಒಂದೇ ತೂತಿನ ಹಾಗೆ ಕಾಣುತ್ತದೆ. ದುಂಡು ಮೂತಿ ಸ್ವಲ್ಪ ಅಗಲ, ಎರಡೂವರೆಯಿಂದ ಮೂರು. ಅದು ಕೆಟ್ಟ ಪೆಲೆಟ್ ಅಲ್ಲವೇ ಅಲ್ಲ. ಗಾಳಿಯನ್ನು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ, ವೇಗ ಬೇಗ ಕಳೆದುಕೊಳ್ಳುವುದಿಲ್ಲ. 25, 30 ಮೀಟರ್ ದಾಟಿದರೆ ಚಪ್ಪಟೆ ಮೂತಿ ಅದರ ಮುಂದೆ ನಿಲ್ಲುವುದಿಲ್ಲ. ಆದರೆ 10 ಮೀಟರಿನಲ್ಲಿ ಆ ಗುಣ ತೋರಿಸುವಷ್ಟು ದೂರವೇ ಇಲ್ಲ. ಚೂಪು ಮೂತಿ ಏಳೆಂಟು ಮಿಮೀ ಚೆಲ್ಲಿತು. ಅದನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಎದುರಿಗೇ ಇದೆ. ಬಹಳಷ್ಟರಲ್ಲಿ ಚೂಪು ನಡುವಿನಲ್ಲೇ ಇಲ್ಲ, ಒಂದು ಕಡೆಗೆ ವಾಲಿದೆ. ತಿರುಗುತ್ತಾ ಹೋಗುವ ವಸ್ತುವಿನ ತೂಕ ಒಂದು ಕಡೆ ಇದ್ದರೆ ಅದು ನೆಟ್ಟಗೆ ಹೋಗುವುದು ಹೇಗೆ? ಚೂಪು ಅಂದರೆ ಬಾಣದ ಹಾಗೆ ನೇರ ಹೋಗುತ್ತದೆ ಅನ್ನುವ ನಂಬಿಕೆ ಮಕ್ಕಳಲ್ಲಿ ಬಹಳ ಇದೆ. ಈ ಗುರಿ ಕಾಗದವನ್ನು ಗೋಡೆಗೆ ಅಂಟಿಸಿದ್ದೇನೆ.

ತಾಮ್ರದ ಲೇಪದ್ದು ಐದು ಮಿಮೀ ಹತ್ತಿರ. ಲೇಪದಿಂದ ಮೇಲ್ಮೈ ಗಟ್ಟಿಯಾಗಿರುತ್ತದೆ. ನಮ್ಮ ಬ್ಯಾರೆಲಿಗೆ ಅದು ಸರಿಹೋಗಲಿಲ್ಲ, ಒಳಗೆ ಕೂರಿಸುವಾಗಲೇ ಬೆರಳಿಗೆ ಬಿಗಿ ಅನಿಸುತ್ತದೆ. ಕೈಗೆ ಸೀಸ ಕಡಿಮೆ ಹತ್ತುತ್ತದೆ ಅನ್ನುವುದು ನಿಜ. ಆದರೆ ಒಳಗಿರುವುದು ಸೀಸವೇ, ಕೈ ತೊಳೆಯುವುದು ತಪ್ಪುವುದಿಲ್ಲ.

ನನ್ನ ತಲೆ ತಿಂದಿದ್ದು ನಮ್ಮ ದೇಶದ ಸಾದಾ ಚಪ್ಪಟೆ ಮೂತಿ. ಡಬ್ಬಿಯಿಂದ ಹಾಗೇ ತೆಗೆದು ಹೊಡೆದರೆ ಆರು ಮಿಮೀ. ಹತ್ತರಲ್ಲಿ ಏಳು ಚೆನ್ನಾಗಿ ಒಟ್ಟಿಗೆ ಬಿದ್ದು, ಎರಡು ಮೂರು ಮಾತ್ರ ದೂರ ಓಡಿಹೋಗುತ್ತವೆ. ಹೀಗಾದರೆ ಪೆಲೆಟ್ಟಿನ ಆಕಾರದ ದೋಷ ಅಲ್ಲ, ಡಬ್ಬಿಯೊಳಗೆ ಕೆಟ್ಟವು ಸೇರಿಕೊಂಡಿವೆ ಅಂತ ಅರ್ಥ. ಕೆಟ್ಟದ್ದನ್ನು ಹೊಡೆಯುವ ಮೊದಲೇ ಗುರುತಿಸುವುದು ಹೇಗೆ?

ಎಲ್ಲರೂ ಹೇಳುವುದು ತೂಕ. ಎಂ.ಜಿ. ರಸ್ತೆಯ ಚಿನ್ನದಂಗಡಿ ಯಜಮಾನರು ಮಿಲಿಗ್ರಾಂ ತೋರಿಸುವ ತಕ್ಕಡಿ ಕೊಟ್ಟು ಕೂರಿಸಿಕೊಂಡರು. ಮ್ಯಾಚ್ ಪೆಲೆಟ್ ಒಂದಕ್ಕೊಂದು ಮೂರು ನಾಲ್ಕು ಮಿಲಿಗ್ರಾಂ ಒಳಗೇ ಇತ್ತು. ಸಾದಾ ಡಬ್ಬಿಯಲ್ಲಿ ತೀರಾ ಹಗುರದ್ದಕ್ಕೂ ತೀರಾ ಭಾರದ್ದಕ್ಕೂ 20 ಮಿಲಿಗ್ರಾಂ ಅಂತರ. ಓ ಸಿಕ್ಕಿತು ಅನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. 150 ಮೀಟರ್ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಭೂಮಿಯ ಎಳೆತಕ್ಕೆ ಸುಮಾರು 22 ಮಿಮೀ ಕೆಳಗೆ ಬೀಳುತ್ತದೆ. ಅರ್ಧ ಗ್ರಾಂ ಪೆಲೆಟ್ಟಿನಲ್ಲಿ 20 ಮಿಲಿಗ್ರಾಂ ಅಂದರೆ ನೂರಕ್ಕೆ ನಾಲ್ಕು. ಗಾಳಿ ಕೊಡುವ ಶಕ್ತಿ ಒಂದೇ ಅಂತ ಇಟ್ಟುಕೊಂಡರೆ ವೇಗದಲ್ಲಿ ನೂರಕ್ಕೆ ಎರಡು ವ್ಯತ್ಯಾಸ, ಬೀಳುವುದರಲ್ಲಿ ನೂರಕ್ಕೆ ನಾಲ್ಕು. 22 ಮಿಮೀಯಲ್ಲಿ ನೂರಕ್ಕೆ ನಾಲ್ಕು ಅಂದರೆ ಒಂದು ಮಿಮೀ ಕೂಡ ಆಗಲಿಲ್ಲ! ಅದೂ ತೀರಾ ಹಗುರ, ತೀರಾ ಭಾರದವುಗಳ ನಡುವೆ. ಓಡಿಹೋದ ಗುಂಡುಗಳು ಮೇಲೆ ಕೆಳಗೆ ಮಾತ್ರ ಅಲ್ಲ, ಎಡಕ್ಕೂ ಬಲಕ್ಕೂ ಹೋಗಿವೆ. ಅದಕ್ಕೆ ತೂಕ ಉತ್ತರ ಕೊಡುವುದಿಲ್ಲ.

ಹಾಗಾದರೆ ತಲೆ ಮತ್ತು ಲಂಗ ನೋಡಬೇಕು. ಪಿಸ್ತೂಲಿನಿಂದ ಸಿಲಿಂಡರ್ ಬಿಚ್ಚಿ, ಗಾಳಿ ಪೂರ್ತಿ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ನೈಲಾನ್ ಕಡ್ಡಿಯಿಂದ ಒಂದೊಂದೇ ಪೆಲೆಟ್ಟನ್ನು ಬ್ಯಾರೆಲ್ ಮೂಲಕ ಮೆಲ್ಲಗೆ ತಳ್ಳಿದೆ. ಹೊರಗೆ ಬಂದದ್ದರ ತಲೆಯ ಅಂಚಿನ ಮೇಲೆ ಸುರುಳಿ ಗೆರೆಯ ಗುರುತು ಮೂಡಿರುತ್ತದೆ. ಮ್ಯಾಚ್ ಪೆಲೆಟ್ಟಿನಲ್ಲಿ ಸುತ್ತಲೂ ಒಂದೇ ಸಮ, ಸಣ್ಣ ಸಣ್ಣ ಮಿಂಚುವ ಗೀರು. ಸಾದಾದಲ್ಲಿ ಕೆಲವಕ್ಕೆ ಒಂದು ಪಕ್ಕ ಮಾತ್ರ ಗೀರು ಬಿದ್ದಿತ್ತು, ಇನ್ನೊಂದು ಪಕ್ಕ ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ತಲೆ ಸಣ್ಣದು, ಒಳಗೆ ವಾಲಿಕೊಂಡು ಹೋಗಿದೆ. ಪೆಲೆಟ್ ತಲೆ 4.48ರಿಂದ 4.52 ಮಿಮೀ ತನಕ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ಮಿಮೀಯ ನೂರರಲ್ಲಿ ಒಂದು ಭಾಗಕ್ಕೆ ಯಾಕಿಷ್ಟು ಮಹತ್ವ ಅಂತ ಕೇಳುವವರಿಗೆ ಈ ಗೀರುಗಳನ್ನು ತೋರಿಸಿದರೆ ಸಾಕು.

ಆದರೆ ಇಡೀ ಡಬ್ಬಿಯನ್ನು ಬ್ಯಾರೆಲಿನಲ್ಲಿ ತಳ್ಳಿ ನೋಡಲು ಆಗುವುದಿಲ್ಲವಲ್ಲ. ಅದಕ್ಕೆ ಹಳೆಯ ಉಪಾಯ ಒಂದಿದೆ: ಗಾಜು. ಕಿಟಕಿ ಗಾಜಿನ ತುಂಡನ್ನು ಒಂದು ಕಡೆ ಬೆಂಕಿಪೊಟ್ಟಣ ಕೊಟ್ಟು ಸ್ವಲ್ಪ ಓರೆ ಮಾಡಿ, ಮೇಲಿನಿಂದ ಪೆಲೆಟ್ ಉರುಳಿಸಬೇಕು. ಲಂಗ ಅಗಲ, ತಲೆ ಕಿರಿದು, ಹಾಗಾಗಿ ಅದು ನೇರ ಉರುಳುವುದಿಲ್ಲ. ಬಾಗಿ ಒಂದು ಕಡೆಗೆ ತಿರುಗುತ್ತದೆ. ಒಂದೇ ಅಳತೆಯವು ಒಂದೇ ಬಾಗಿನಲ್ಲಿ ಬಂದು ಒಂದೇ ಜಾಗದಲ್ಲಿ ಕೆಳಗೆ ಬೀಳುತ್ತವೆ. ತಲೆ ಸಣ್ಣದಾದರೆ ಹೆಚ್ಚು ಬಾಗುತ್ತದೆ, ದಪ್ಪವಾದರೆ ಕಡಿಮೆ. ಲಂಗ ನೆಗ್ಗಿದ್ದರೆ ಟಕ ಟಕ ಅಂತ ಕುಣಿಯುತ್ತಾ ಬರುತ್ತದೆ, ಕಿವಿಗೇ ಗೊತ್ತಾಗುತ್ತದೆ. ಕೆಳಗೆ ಮೂರು ಬಟ್ಟಲು ಇಟ್ಟರೆ ಮುಗಿಯಿತು. ಮಕ್ಕಳಿಗೆ ಒಮ್ಮೆ ತೋರಿಸಿದೆ. ಈಗ ಅವರೇ ಸಂಜೆ ಕೂತು ಉರುಳಿಸುತ್ತಾರೆ. "ಸಾರ್, ಇದು ಕುಂಟ್ತಾ ಇದೆ" ಅಂತ ಪಕ್ಕಕ್ಕೆ ಎತ್ತಿಡುತ್ತಾರೆ.

ನಡುವಿನ ಬಟ್ಟಲಿಗೆ ಬಿದ್ದದ್ದನ್ನು ಮಾತ್ರ ಪೀಠದಲ್ಲಿ ಹೊಡೆದೆ. ಆರು ಮಿಮೀ ಇದ್ದದ್ದು ಮೂರಕ್ಕೆ ಇಳಿಯಿತು. ಓಡಿಹೋಗುವ ಗುಂಡು ಕಾಣಲೇ ಇಲ್ಲ. ಅದೇ ಡಬ್ಬಿ, ಅದೇ ಪಿಸ್ತೂಲು. ನಾಲ್ಕನೇ ಒಂದು ಭಾಗದಷ್ಟು ಪೆಲೆಟ್ ಪಕ್ಕಕ್ಕೆ ಹೋಯಿತು. ಅವನ್ನು ಎಸೆಯಬೇಕಿಲ್ಲ, ಹೊಸಬರು ಟ್ರಿಗರ್ ಒತ್ತುವುದನ್ನು ಕಲಿಯುವಾಗ ಬರೀ ಬಿಳಿ ಕಾಗದಕ್ಕೆ ಹೊಡೆಯಲು ಸರಿಯಾಗಿವೆ.

ಎರಡು ಮಿಮೀ, ಮೂರು ಮಿಮೀ ನಡುವಿನ ವ್ಯತ್ಯಾಸಕ್ಕೆ ಅಪ್ಪಂದಿರು ಅಷ್ಟು ದುಡ್ಡು ಹಾಕಬೇಕಾ? ಗುರಿ ಕಾಗದವನ್ನೇ ಕೇಳೋಣ. ಏರ್ ಪಿಸ್ತೂಲಿನ ಹತ್ತರ ವೃತ್ತ 11.5 ಮಿಮೀ ಅಗಲ. ಒಂಬತ್ತರದು 27.5, ಎಂಟರದು 43.5. ಪೆಲೆಟ್ ಅಂಚು ತಾಕಿದರೂ ಸಾಕಾದ್ದರಿಂದ, ಪೆಲೆಟ್ಟಿನ ನಡುವು ಗುರಿಯ ನಡುವಿನಿಂದ ಎಂಟು ಮಿಮೀ ದೂರ ಬಿದ್ದರೂ ಹತ್ತೇ. ಎಂಟರ ವೃತ್ತದಲ್ಲಿ ಕೈ ಓಡಾಡುವ ಮಗುವಿಗೆ ಆ ಒಂದು ಮಿಮೀ ಎಲ್ಲೂ ಕಾಣುವುದಿಲ್ಲ. ಅವರಿಗೆ ಬೇಕಾಗಿರುವುದು ಜಾಸ್ತಿ ಅಭ್ಯಾಸ, ಅಂದರೆ ಜಾಸ್ತಿ ಪೆಲೆಟ್. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ: ಮೊದಲ ವರ್ಷದ ಮಗುವಿಗೆ ದುಬಾರಿ ಡಬ್ಬಿ ಕೊಡಿಸಿ ಅಭ್ಯಾಸ ಕಡಿಮೆ ಮಾಡಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ಮೇಲಕ್ಕೆ ಹೋದ ಹಾಗೆ ಲೆಕ್ಕ ಬದಲಾಗುತ್ತದೆ. ಫೈನಲ್ಲಿನಲ್ಲಿ ಅಂಕ ದಶಮಾಂಶದಲ್ಲಿ, ಒಂದು ಗುಂಡಿಗೆ ಹೆಚ್ಚೆಂದರೆ 10.9. ವೃತ್ತದಿಂದ ವೃತ್ತಕ್ಕೆ ಎಂಟು ಮಿಮೀ ಇರುವುದರಿಂದ 0.1 ಅಂಕ ಅಂದರೆ 0.8 ಮಿಮೀ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ 221.7ಕ್ಕೆ ಕಂಚು ಗೆದ್ದಾಗ ಬೆಳ್ಳಿಯ ಹಾದಿ ತಪ್ಪಿದ್ದು ಬರೀ 0.1ರಲ್ಲಿ. ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಇದೇ ಸ್ಪರ್ಧೆಯ ಪುರುಷರ ವಿಭಾಗದಲ್ಲಿ ಬೆಳ್ಳಿ ತಂದವರು. ಆ ಮಟ್ಟದಲ್ಲಿ ತಮ್ಮ ಬ್ಯಾರೆಲಿಗೆ ಯಾವ ತಲೆ ಅಳತೆ ಸರಿ ಅಂತ ಹುಡುಕಿ, ಅದೇ ಬ್ಯಾಚಿನ ಡಬ್ಬಿಗಳನ್ನು ಒಟ್ಟಿಗೆ ಕೊಂಡಿಡುವುದರಲ್ಲಿ ಅರ್ಥವಿದೆ. ನಮ್ಮ ಮಕ್ಕಳಲ್ಲೂ ರಾಜ್ಯ ಮಟ್ಟಕ್ಕೆ ಹೋಗುವವರಿಗೆ ಪಂದ್ಯದ ಕೆಲವು ವಾರ ಮುಂಚೆ ಮ್ಯಾಚ್ ಪೆಲೆಟ್ ಶುರು ಮಾಡಿಸುತ್ತೇನೆ. ತೂಕ ಬದಲಾದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಸೈಟ್ ಹೊಂದಿಸಿಕೊಳ್ಳಲು ಸಮಯ ಬೇಕು.

ಸೀಸದ ವಿಷಯ ಬಿಡುವ ಹಾಗಿಲ್ಲ. ಪೆಲೆಟ್ಟನ್ನು ತುಟಿಯ ನಡುವೆ ಹಿಡಿದುಕೊಳ್ಳುವ ಚಟ ಕೆಲವರಿಗೆ ಇರುತ್ತದೆ, ಅದನ್ನು ಮೊದಲ ದಿನವೇ ಬಿಡಿಸಬೇಕು. ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆದೇ ತಿಂಡಿ ಡಬ್ಬಿ ತೆಗೆಯುವುದು. ಪೆಟ್ಟಿಗೆಯ ಹತ್ತಿರ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಳೆಯ ಡಬ್ಬಿಯಲ್ಲಿ ಪೆಲೆಟ್ ಮೇಲೆ ಬಿಳಿ ಪುಡಿ ಕಂಡರೆ ಆ ಡಬ್ಬಿ ಬಳಸುವುದೇ ಬೇಡ. ತಟ್ಟೆಯಲ್ಲಿ ಕೂಡಿದ ಸೀಸವನ್ನು ಮನೆಯಲ್ಲಿ ಕರಗಿಸಲು ಯಾರೂ ಹೋಗಬೇಡಿ. 327 ಡಿಗ್ರಿಗೆ ಕರಗುತ್ತದೆ, ಒಲೆಯ ಮೇಲೆ ಸುಲಭವಾಗಿ ಕರಗುತ್ತದೆ ಅನ್ನುವುದೇ ಅಪಾಯ. ಮುಚ್ಚಳ ಇರುವ ಡಬ್ಬದಲ್ಲಿ ತುಂಬಿಟ್ಟು, ಹಳೆ ಬ್ಯಾಟರಿ ಸೀಸವನ್ನು ಅನುಮತಿ ಪಡೆದು ಮರುಬಳಕೆಗೆ ತೆಗೆದುಕೊಳ್ಳುವವರಿಗೆ ಕೊಡುತ್ತೇವೆ.

ಪೀಠ ರೇಂಜಿನಲ್ಲೇ ಇದೆ. ತಮ್ಮದೇ ಪಿಸ್ತೂಲು ಇರುವವರು ಹಲಸಿನ ದವಡೆ ತುಂಡನ್ನು ಅದರ ಬಾಡಿಗೆ ತಕ್ಕ ಹಾಗೆ ಕೆತ್ತಿಸಿಕೊಂಡು ಬಂದರೆ ಹೊಡೆದು ನೋಡಬಹುದು. ಒಂದು ಬ್ಯಾರೆಲಿಗೆ ಒಪ್ಪಿದ ತಲೆ ಇನ್ನೊಂದಕ್ಕೆ ಒಪ್ಪಬೇಕು ಅಂತಿಲ್ಲ. ಬರುವಾಗ ಚಪ್ಪಟೆ ಮೂತಿಯಲ್ಲಿ ಬೇರೆ ಬೇರೆ ತಲೆ ಅಳತೆಯ ಎರಡು ಮೂರು ಡಬ್ಬಿ, ಒಂದು ಗಾಜಿನ ತುಂಡು, ಮೂರು ಬಟ್ಟಲು ತನ್ನಿ.